ಅವ್ವನ ಪಾಪವನ್ನು ನಾನು ಅರಿಕೆ ಮಾಡಿದ್ದು

ಪ್ರಾರ್ಥನೆ ಮಾಡುವುದನ್ನು ನನಗೆ ಕಲಿಸಿದವರು ಮಿಶನ್ನಿನ ಅಕ್ಕೋರು. ಪ್ರತಿ ಗುರುವಾರ ಲಿಂಗಸುಗೂರಿನಿಂದ ಬಸ್ಸಿನಲ್ಲಿ ಮಸ್ಕಿಗೆ ಬರುತ್ತಿದ್ದರು. ಬಿಳಿ ಸೀರೆ, ಕಂಕುಳಲ್ಲಿ ಕಪ್ಪು ರಟ್ಟಿನ ಬೈಬಲು, ಕೈಯಲ್ಲಿ ಕೊಡೆ. ಕೊಡೆ ನಿಜಕ್ಕೂ ಇತ್ತೋ ಇಲ್ಲವೋ ಖಾತ್ರಿಯಿಲ್ಲ. ನಮ್ಮ ಕಡೆ ಬೀಳುವ ಮಳೆಗೆ ಯಾರೂ ಕೊಡೆ ಕೊಳ್ಳುವುದಿಲ್ಲ, ಬಿಸಿಲಿಗೆಂದು ಕೊಳ್ಳುವ ಅನುಕೂಲ ಅವರಿಗಿರಲಿಲ್ಲ. ಆದರೂ ನೆನಪು ಮಾಡಿಕೊಂಡಾಗಲೆಲ್ಲ ಅಕ್ಕೋರು ಕೊಡೆ ಹಿಡಿದೇ ಬರುತ್ತಾರೆ. ಈ ಬರಹದಲ್ಲಿ ನಾನು ಆಣೆ ಮಾಡಿ ಹೇಳಬಲ್ಲ ಸಂಗತಿಗಳು ಮೂರೋ ನಾಲ್ಕೋ ಇವೆ. ಕೊಡೆ ಅವುಗಳಲ್ಲಿ ಒಂದಲ್ಲ.

ನಿಜಾಮನ ಮೇಲಿನ ಪೊಲೀಸ್ ಕಾರ್ಯಾಚರಣೆ ಮುಗಿದು ಎರಡು ವರ್ಷವಾಗಿತ್ತು. ನನಗೆ ಹತ್ತು ವರ್ಷ. ನಮ್ಮ ಕೇರಿಯ ಹದಿನಾಲ್ಕೋ ಹದಿನಾರೋ ಮನೆಗಳು ಅಜ್ಜನ ಕಾಲದಲ್ಲೇ ದೀಕ್ಷಾಸ್ನಾನ ಪಡೆದಿದ್ದವು. ನಮ್ಮ ದೇವಾಲಯವೆಂದರೆ ಒಂದು ಮಣ್ಣಿನ ಮಾಳಿಗೆ ಮನೆ, ಗೋಡೆಗೆ ಸುಣ್ಣ, ನೆಲಕ್ಕೆ ಸಗಣಿ. ಅಲ್ಲಿ ಅಕ್ಕೋರು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಪಕ್ಕಕ್ಕೆ ಮೊಣಕಾಲೂರಿಸಿಕೊಂಡು ಬಾಯಿಬಿಟ್ಟು ಪ್ರಾರ್ಥನೆ ಮಾಡಿಸುತ್ತಿದ್ದರು.

"ಕಲ್ಲಿನ ಮುಂದ ಸುಮ್ನ ಕೈ ಮುಗದು ನಿಂತ್ರ ನಡೀತಿತ್ತು. ನಮ್ಮ ದೇವರ ಮುಂದ ಬಾಯಿ ಬಿಡಬೇಕು. ಹೆಸರು ಹೇಳು, ಜಾಗ ಹೇಳು, ಏನಾಗೇತಿ ಬಿಚ್ಚಿ ಹೇಳು."

ಪ್ರಾರ್ಥನೆಯ ಭಾಗಗಳು ಮರೆಯದಿರಲೆಂದು ಅವರು ಐದು ಬೆರಳಿನ ಲೆಕ್ಕ ಕೊಟ್ಟಿದ್ದರು. ಹೆಬ್ಬೆರಳು ದೇವರ ಸ್ತುತಿಗೆ, ತೋರುಬೆರಳು ಉಪಕಾರ ನೆನೆಯುವುದಕ್ಕೆ, ನಡುವಿನದು ಪಾಪದ ಅರಿಕೆಗೆ, ಉಂಗುರದ ಬೆರಳು ಬೇರೆಯವರಿಗಾಗಿ ಬೇಡುವುದಕ್ಕೆ, ಕಿರುಬೆರಳು ನಮ್ಮ ಬೇಡಿಕೆಗೆ. ಪಾಪಕ್ಕೆ ಉದ್ದನೆಯ ಬೆರಳೇ ಯಾಕೆ ಎಂದು ಒಬ್ಬಳು ಕೇಳಿದಳು. "ಅವೇ ಭಾಳ ಇರತಾವಲ್ಲ, ಅದಕ್ಕ," ಎಂದರು ಅಕ್ಕೋರು.

ಅವ್ವನಿಗೆ ಈ ಬೆರಳುಗಳ ಬಗ್ಗೆ ಆಸಕ್ತಿಯಿರಲಿಲ್ಲ. ಅವಳಿಗೆ ಬೇಕಾದದ್ದು ಬಟ್ಟಲು. ಮೂರು ತಿಂಗಳಿಗೊಮ್ಮೆ ಲಿಂಗಸುಗೂರಿನ ಪಾದ್ರಿ ಸಾಹೇಬರು ಬಂದು ಕರ್ತನ ಭೋಜನ ಕೊಡುತ್ತಿದ್ದರು. ಒಣದ್ರಾಕ್ಷಿಯನ್ನು ಹಿಂದಿನ ದಿನವೇ ನೆನೆಹಾಕಿ ಹಿಂಡಿದ ರಸ, ಒಂದೇ ಬೆಳ್ಳಿಯ ಬಟ್ಟಲು. ಸಾಲಾಗಿ ಮೊಣಕಾಲೂರಿದವರ ಮುಂದೆ ಅದು ಒಬ್ಬರ ತುಟಿಯಿಂದ ಇನ್ನೊಬ್ಬರ ತುಟಿಗೆ ಹೋಗುತ್ತಿತ್ತು. ಊರೊಳಗೆ ಅವ್ವ ಯಾರ ಮನೆಯ ಲೋಟವನ್ನೂ ಮುಟ್ಟಿದವಳಲ್ಲ. ಹೊಲದಲ್ಲಿ ಕಳೆ ತೆಗೆಯುವಾಗ ಬಾಯಾರಿದರೆ ಬೊಗಸೆ ಒಡ್ಡಬೇಕು, ಮೇಲಿಂದ ನೀರು ಸುರಿಯುತ್ತಾರೆ, ಅರ್ಧ ಮೊಣಕೈಗುಂಟ ಇಳಿದುಹೋಗುತ್ತದೆ. ಚಹದಂಗಡಿಯಲ್ಲಿ ನಮ್ಮವರ ಕಪ್ಪು ಹೊರಗಿನ ಗೂಡಿನಲ್ಲಿ. ಪಾದ್ರಿ ಸಾಹೇಬರು ಬೀದರ ಕಡೆಯವರು, ಅವರ ಅಜ್ಜ ದೊಡ್ಡ ಜಾತಿಯಿಂದ ಬಂದವರಂತೆ. ಎಲ್ಲರ ಸರದಿ ಮುಗಿದ ಮೇಲೆ ತಳದಲ್ಲಿ ಉಳಿದದ್ದನ್ನು ಅವರೇ ಕುಡಿದು ಬಟ್ಟಲು ಬರಿದು ಮಾಡುತ್ತಿದ್ದರು.

"ನನ್ನ ಎಂಜಲ ಅವ್ರು ಕುಡೀತಾರ ನೋಡು," ಎನ್ನುತ್ತಿದ್ದಳು ಅವ್ವ. "ಇದಕ್ಕಿಂತ ದೊಡ್ಡ ಉಪದೇಶ ಏನೈತಿ? ಉಳಿದದ್ದೆಲ್ಲ ಬರೇ ಮಾತು."

ಆ ಭಾನುವಾರಕ್ಕೆ ಅವಳು ಒಂದು ವಾರ ಮೊದಲೇ ಸೀರೆ ಒಗೆದಿಡುತ್ತಿದ್ದಳು. ಬಟ್ಟಲನ್ನು ಎರಡೂ ಕೈಯಿಂದ ಹಿಡಿಯುತ್ತಿದ್ದಳು. ಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚೇ ಹಿಡಿದುಕೊಂಡು ಆಮೇಲೆ ಪಕ್ಕದಲ್ಲಿದ್ದ ಚಿಗವ್ವನಿಗೆ ದಾಟಿಸುತ್ತಿದ್ದಳು. ಚಿಗವ್ವ ಎಂದರೆ ನನ್ನ ಅಪ್ಪನ ತಮ್ಮನ ಹೆಂಡತಿ. ನಮ್ಮ ಮನೆಯಿಂದ ಮೂರನೆಯ ಬಾಗಿಲು ಅವಳದು. ಇಬ್ಬರೂ ಒಟ್ಟಿಗೆ ಕೂಲಿಗೆ ಹೋಗುವವರು, ಒಬ್ಬರ ತಲೆಯ ಹೇನು ಒಬ್ಬರು ನೋಡುವವರು.

ನನ್ನ ತೊಂದರೆ ಶುರುವಾದದ್ದು ನಡುವಿನ ಬೆರಳಿನಿಂದ. ಹತ್ತು ವರ್ಷದವಳ ಪಾಪಗಳು ಎಷ್ಟಿರಲು ಸಾಧ್ಯ? ಪಕ್ಕದ ಹೊಲದ ಜೋಳದ ಎಳೆ ತೆನೆಯನ್ನು ಸೀತನಿಗೆಂದು ಕಿತ್ತದ್ದು, ಬೆಲ್ಲ ಕದ್ದದ್ದು, ತಮ್ಮನನ್ನು ಹೊಡೆದದ್ದು. ಇವನ್ನು ನಾನು ನಾಲ್ಕು ಗುರುವಾರ ತಿರುಗಿಸಿ ಮುರುಗಿಸಿ ಒಪ್ಪಿಸಿದೆ. ಐದನೆಯ ಸಲ ಅಕ್ಕೋರು ಕಣ್ಣು ತೆರೆದರು.

"ಹೋದ ವಾರನೂ ಬೆಲ್ಲ, ಈ ವಾರನೂ ಬೆಲ್ಲ. ದೇವರೇನು ಕಿವುಡ ಅದಾನೇನ? ಒಮ್ಮೆ ಕೇಳಿದ್ರ ಸಾಕು ಅವನಿಗೆ. ಹೊಸದೇನೈತಿ?"

ಹೊಸದೇನೂ ಇರಲಿಲ್ಲ. ನನ್ನ ವಾರಿಗೆಯ ಇನ್ನೊಬ್ಬ ಹುಡುಗಿ ಇದ್ದಳು, ಪ್ರಾರ್ಥನೆಯಲ್ಲಿ ಕಣ್ಣೀರು ಸುರಿಸಬಲ್ಲವಳು. ಅಕ್ಕೋರು ಅವಳ ತಲೆ ಸವರುತ್ತಿದ್ದರು. ನನ್ನ ತಲೆಯನ್ನು ಅವರು ಇನ್ನೂ ಮುಟ್ಟಿರಲಿಲ್ಲ.

ಆ ಬೇಸಿಗೆ ತಮ್ಮನ ಮೈಮೇಲೆ ಅಮ್ಮ ಎದ್ದಳು. ಸಿಡುಬನ್ನು ನಾವು ಹಾಗೆಯೇ ಹೇಳುತ್ತಿದ್ದೆವು, ಕ್ರೈಸ್ತರಾದ ಮೇಲೂ. ಅಕ್ಕೋರು ಬಂದು ಹಾಸಿಗೆಯ ಪಕ್ಕ ಮೊಣಕಾಲೂರಿ ಬೇಡಿದರು. ಲಿಂಗಸುಗೂರಿನ ಕಂಪೌಂಡರ್ ಕೊಟ್ಟ ಗುಲಾಬಿ ಬಣ್ಣದ ನೀರನ್ನು ಹಚ್ಚಿದೆವು. ಐದನೆಯ ದಿನ ಅವನು ಕಣ್ಣು ತೆರೆಯಲಿಲ್ಲ. ಕರೆದರೆ ಓ ಎನ್ನಲಿಲ್ಲ.

ಅಪ್ಪ ಸಿಂಧನೂರಿನ ಕಡೆ ಕಾಲುವೆಯ ಮಣ್ಣಿನ ಕೆಲಸಕ್ಕೆ ಹೋಗಿದ್ದ. ಜನವೆಲ್ಲ ಬಿಸಿಲಿಗೆ ಒಳಗೆ ಸೇರಿದ್ದ ಮಧ್ಯಾಹ್ನ ಅವ್ವ ತಲೆಗೆ ನೀರು ಹಾಕಿಕೊಂಡಳು. ಒದ್ದೆ ಸೀರೆಯಲ್ಲೇ ಮೊಸರನ್ನವನ್ನು ಮುತ್ತುಗದ ಎಲೆಗೆ ಹಾಕಿ, ಹಸಿರು ಬಳೆಗಳನ್ನು ಸೆರಗಿಗೆ ಕಟ್ಟಿಕೊಂಡು, ನನ್ನ ಕೈಗೆ ತಂಬಿಗೆ ಕೊಟ್ಟಳು. ಹಳ್ಳದ ದಂಡೆಯ ಬೇವಿನ ಗಿಡದ ಕೆಳಗೆ ಅಮ್ಮನ ಕಟ್ಟೆ. ಅಲ್ಲಿ ಅವ್ವ ಅನ್ನವಿಟ್ಟಳು, ಬಳೆ ಇಟ್ಟಳು, ನೀರು ಹನಿಸಿದಳು, ನಿಂತಳು. ಬಾಯಿ ತೆರೆಯಲಿಲ್ಲ. ಹೆಸರು ಹೇಳಲಿಲ್ಲ, ಏನಾಗಿದೆ ಎಂದು ಬಿಚ್ಚಿ ಹೇಳಲಿಲ್ಲ. ನಾನು ಕಾಯುತ್ತ ಅಂಗಾಲು ಸುಟ್ಟುಕೊಂಡೆ. ಇದು ಆಣೆ ಮಾಡಿ ಹೇಳಬಲ್ಲ ಮೊದಲನೆಯ ಸಂಗತಿ: ಅವಳು ಒಂದು ಮಾತೂ ಆಡಲಿಲ್ಲ.

ತಿರುಗಿ ಬರುವಾಗ "ಯಾರ ಮುಂದೂ ಹೇಳಬ್ಯಾಡ ಬೇ, ನಿಮ್ಮಪ್ಪನ ಮುಂದೂ," ಎಂದಳು. ಹೂಂ ಎಂದೆ.

ಹಳ್ಳದ ತಿರುವಿನಲ್ಲಿ ಚಿಗವ್ವ ಬಟ್ಟೆಯ ಗಂಟು ಹೊತ್ತು ಎದುರಾದಳು.

"ಈ ಬಿಸಲಾಗ ಎಲ್ಲಿಗ್ಹೋಗಿದ್ದಿ ಅಕ್ಕಾ, ಹಸಿ ಮೈಲೆ?"

"ಬೇವಿನ ತೊಪ್ಪಲಕ್ಕ."

"ಮನಿ ಹಿಂದ ಬೇವಿನ ಗಿಡ ಇಟಗೊಂಡು ಹಳ್ಳಕ್ಕ ಬಂದಿಯೇನ?" ಚಿಗವ್ವ ನಕ್ಕಳು. ಅವ್ವನ ಬರಿಗೈ ನೋಡಿದಳು, ನನ್ನ ತಂಬಿಗೆ ನೋಡಿದಳು. "ಹೋಗ್ಲಿ ಬಿಡು. ಹುಡುಗ ಹೆಂಗದಾನ?"

ಹುಡುಗ ಮರುದಿನ ಕಣ್ಣು ತೆರೆದ. ಅಥವಾ ಅದರ ಮರುದಿನ. ನೀರು ಕೇಳಿದ, ಆಮೇಲೆ ಬೆಲ್ಲ ಕೇಳಿದ. ಯಾರು ಉಳಿಸಿದರೆಂದು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ.

ಮುಂದಿನ ಗುರುವಾರ ಅಕ್ಕೋರ ಪಕ್ಕ ಮೊಣಕಾಲೂರಿ ಎರಡು ಬೆರಳು ಮುಗಿಸಿ ನಡುವಿನದಕ್ಕೆ ಬಂದೆ. "ಹೊಸದೇನೈತಿ?" ಎಂದು ಅವರು ಮೆಲ್ಲಗೆ ಕೇಳಿದರು. ನನ್ನಲ್ಲಿ ಹೇಳಿಕೊಳ್ಳುವಂಥ ಪಾಪವಿರಲಿಲ್ಲ. ಅವ್ವನಲ್ಲಿ ಇತ್ತು. ಅದನ್ನು ಎತ್ತಿಕೊಂಡೆ.

"ಕರ್ತನೇ, ನಮ್ಮವ್ವ ಹಳ್ಳದ ಬೇವಿನ ಗಿಡಕ್ಕ ಹೋಗಿ ಅಮ್ಮಗ ಮೊಸರನ್ನ ಇಟ್ಟಳು. ಹಸರು ಬಳಿ ಏರಿಸಿದಳು. ನಾನೂ ತಂಬಿಗಿ ಹಿಡದಿದ್ದೆ. ಕ್ಷಮಿಸು ತಂದೆ."

ಕಲಿಸಿದಂತೆಯೇ ಹೇಳಿದ್ದೆ: ವ್ಯಕ್ತಿ, ಜಾಗ, ನಡೆದದ್ದು. ಅಕ್ಕೋರ ಕೈ ನನ್ನ ತಲೆಯ ಮೇಲೆ ಬಂತು. ಅದರ ಭಾರ ನನಗೆ ಇವತ್ತಿಗೂ ಗೊತ್ತು. "ಎಷ್ಟು ಚಂದ ಬಿಚ್ಚಿ ಹೇಳಿದಿ ನನ್ನ ಕೂಸೆ," ಎಂದರು.

ಯಾಕೆ ಹೇಳಿದೆ? ಇದಕ್ಕೆ ನನ್ನಲ್ಲಿ ಎರಡು ಉತ್ತರಗಳಿವೆ, ಎರಡನ್ನೂ ಬೇರೆ ಬೇರೆ ವಯಸ್ಸಿನಲ್ಲಿ ನಂಬಿದ್ದೇನೆ. ಒಂದು: ಅವ್ವ "ಯಾರ ಮುಂದೂ" ಎಂದಿದ್ದಳು, ದೇವರು ಆ ಯಾರೂಗಳಲ್ಲಿ ಒಬ್ಬನೆಂದು ನನಗೆ ಹೊಳೆದಿರಲಿಲ್ಲ. ಪಕ್ಕದಲ್ಲಿ ಕೇಳುತ್ತ ಕೂತವರನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಇನ್ನೊಂದು: ಆ ಅಳುವ ಹುಡುಗಿಯನ್ನು ಸೋಲಿಸಬೇಕಾಗಿತ್ತು. ಮೊದಲನೆಯದನ್ನು ಬರೆದು ನಿಲ್ಲಿಸಿದರೆ ಓದುವವರು ನನ್ನನ್ನು ಕ್ಷಮಿಸುತ್ತಾರೆ. ಅದಕ್ಕೇ ಎರಡನೆಯದನ್ನೂ ಬರೆದಿದ್ದೇನೆ.

ಹತ್ತು ದಿನಕ್ಕೆ ಬಟ್ಟಲಿನ ಭಾನುವಾರ ಬಂತು. ಅವ್ವ ಒಗೆದ ಸೀರೆ ಉಟ್ಟಿದ್ದಳು, ತಮ್ಮ ಅವಳ ತೊಡೆಯ ಮೇಲಿದ್ದ. ಭೋಜನಕ್ಕೆ ಮೊದಲು ಪಾದ್ರಿ ಸಾಹೇಬರು ಅಕ್ಕೋರಿಗೆ ಪ್ರಾರ್ಥನೆ ಮಾಡಲು ಹೇಳಿದರು. ಅಕ್ಕೋರು ಎದ್ದು ನಿಂತು ಸ್ತುತಿಸಿದರು, ಉಪಕಾರ ನೆನೆದರು.

"ಕರ್ತನೇ, ಈ ಸಭೆಯಲ್ಲಿರುವ ಒಬ್ಬ ತಾಯಿಯನ್ನು ನೋಡು. ಮಗನ ಜಡ್ಡಿನ ಕಾಲದಲ್ಲಿ ನಿನ್ನನ್ನು ಮರೆತು ಬೇವಿನ ಮರದ ಕೆಳಗೆ ಮೊಸರನ್ನವಿಟ್ಟು ಹಸಿರು ಬಳೆ ಏರಿಸಿದವಳನ್ನು..."

ಅವರು ನಿಜವಾಗಿ ಅಳುತ್ತಿದ್ದರು. ಕೇರಿಯಲ್ಲಿ ಆ ಬೇಸಿಗೆ ಮಗನಿಗೆ ಜಡ್ಡಾದ ಮನೆ ಒಂದೇ. ಎಲ್ಲರೂ ಕಣ್ಣು ಮುಚ್ಚಿಯೇ ಇದ್ದರು, ತಲೆಗಳು ಮಾತ್ರ ಅವ್ವನ ಕಡೆ ತಿರುಗಿದವು. ಇದು ಎರಡನೆಯ ಸಂಗತಿ. ನಾನು ಕಣ್ಣು ತೆರೆದಿದ್ದೆ.

ಪಾದ್ರಿ ಸಾಹೇಬರು ಒರಟರಲ್ಲ. ಅವ್ವನ ಹತ್ತಿರ ಬಂದು ಬಗ್ಗಿ ಕೇಳಿದರು. "ಹೌದೇನಮ್ಮಾ?"

"ಹೌದ್ರಿ."

"ತಪ್ಪಾಯ್ತು ಅಂತ ಸಭೆಯ ಮುಂದೆ ಒಂದು ಸಲ ಹೇಳು, ಸಾಕು."

ಅವ್ವ ತಮ್ಮನನ್ನು ನೋಡಿದಳು. "ಹುಡುಗ ಉಳದಾನ್ರಿ. ತಪ್ಪಾಯ್ತು ಅಂತ ಹೆಂಗ ಅನ್ಲಿ?"

"ಉಳಿಸಿದವನು ಕರ್ತನು."

"ಇರಬಹುದ್ರಿ. ನಾ ಇಬ್ಬರಿಗೂ ಹೇಳಿದ್ದೆ."

ಹಿಂದಿನಿಂದ ಯಾರೋ ನಕ್ಕರು. ಪಾದ್ರಿ ಸಾಹೇಬರು ನಗಲಿಲ್ಲ. ತಪ್ಪೊಪ್ಪದವರಿಗೆ ಬಟ್ಟಲಿಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು. ಬಟ್ಟಲು ಸಾಲಿನಲ್ಲಿ ಬಂತು. ಅವ್ವನ ಎಡಕ್ಕಿದ್ದವಳು ಕುಡಿದಳು. ಅವ್ವ ಕೈ ಚಾಚಲಿಲ್ಲ. ಬಟ್ಟಲು ಸುಲಭವಾಗಿ ದಾಟಿಹೋಗಲೆಂದು ಮೊಣಕಾಲನ್ನು ತುಸು ಹಿಂದಕ್ಕೆ ಸರಿಸಿದಳು. ಅದು ಅವಳ ಮುಂದಿನಿಂದ ಚಿಗವ್ವನ ಕೈಗೆ ಹೋಯಿತು. ಇದು ಮೂರನೆಯ ಸಂಗತಿ. ಆ ಮೊಣಕಾಲಿನ ಸರಿದಾಟವೊಂದನ್ನು ನಾನು ಕಲ್ಪಿಸಿಕೊಂಡಿದ್ದರೆ ಎಷ್ಟೋ ನೆಮ್ಮದಿಯಿರುತ್ತಿತ್ತು.

ಮನೆಗೆ ಬಂದವಳೇ ಅವ್ವ ಓಣಿಯಲ್ಲಿ ಚಿಗವ್ವನ ಬಾಗಿಲಿಗೆ ಮುಖ ಮಾಡಿ ನಿಂತಳು.

"ಬೇವಿನ ತೊಪ್ಪಲದ ಮಾತು ಅಕ್ಕೋರಿಗೆ ಮುಟ್ಟಿಸಿದಿಯೇನ? ನನ್ನ ಬಾಯಿ ಮುಂದಿನ ಬಟ್ಟಲ ಕಸಗೊಂಡು ಕುಡದೆಲ್ಲ, ಸಿಹಿ ಇತ್ತೇನ?"

ಚಿಗವ್ವ ಬಾಗಿಲಿಗೆ ಬಂದಳು. "ನಾ ಅಂದಿದ್ರ ನನ್ನ ನಾಲಿಗಿ ಬಿದ್ದು ಹೋಗ್ಲಿ. ನಾ ಯಾಕ ಹೇಳ್ಲಿ ಅಕ್ಕಾ?"

"ಮತ್ಯಾರು ನೋಡಿದ್ರು ನನ್ನ? ಗಿಡ ಹೋಗಿ ಹೇಳ್ತೇನ?"

"ಗಿಡನೇ ಹೇಳೇತಿ ಹೋಗು! ನಿನ್ನ ಕೂಡ ಮಾತಾಡಿದ್ರ ಕೇಳು ಇನ್ನ."

ತಮ್ಮನನ್ನು ಸೊಂಟದ ಮೇಲೆ ಹೊತ್ತು ನಾನು ಇಬ್ಬರ ನಡುವೆ ನಿಂತಿದ್ದೆ. ಒಂದು ಮಾತು ಸಾಕಾಗಿತ್ತು. ಅದನ್ನು ಆಡಿದರೆ ಅವ್ವ ನನ್ನನ್ನು ಯಾವ ಕಣ್ಣಿನಿಂದ ನೋಡುತ್ತಾಳೆಂಬುದು ನನಗೆ ಗೊತ್ತಿತ್ತು, ಚಿಗವ್ವನನ್ನು ನೋಡುತ್ತಿದ್ದ ಆ ಕಣ್ಣು ಅಲ್ಲೇ ಇತ್ತಲ್ಲ. ತಮ್ಮನನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ಒಳಗೆ ಹೋದೆ.

ಅವ್ವ ದೇವಾಲಯ ಬಿಡಲಿಲ್ಲ. ಬಟ್ಟಲಿನ ಭಾನುವಾರಗಳಲ್ಲಿ ಬಾಗಿಲ ಬಳಿ, ಚಪ್ಪಲಿಗಳ ಪಕ್ಕ ಕೂರುತ್ತಿದ್ದಳು. ತಪ್ಪಾಯ್ತು ಎನ್ನಲಿಲ್ಲ. ಚಿಗವ್ವನ ಜೊತೆ ಕೂಲಿಗೆ ಹೋಗಲಿಲ್ಲ. ನನಗೆ ಬಹುಮಾನ ಸಿಕ್ಕಿತು. ಇಷ್ಟು ಚೆನ್ನಾಗಿ ಪ್ರಾರ್ಥಿಸುವ ಹುಡುಗಿ ಕಳೆ ತೆಗೆಯಬಾರದೆಂದು ಅಕ್ಕೋರು ಲಿಂಗಸುಗೂರಿನ ಬೋರ್ಡಿಂಗಿನಲ್ಲಿ ಜಾಗ ಕೊಡಿಸಿದರು. ಬಸ್ಸಿಗೆ ಹತ್ತಿಸುವಾಗ ಅವ್ವ "ಅಕ್ಕೋರು ಹೆಂಗಾದ್ರೂ ಇರಲಿ, ನಿನಗ ಛಲೋ ಮಾಡ್ಯಾರ," ಎಂದಳು.

ಬೋರ್ಡಿಂಗು ಎಂದರೆ ಹಳೆಯ ದಂಡಿನ ಛಾವಣಿಯ ಕಾಲದ ಬಂಗಲೆ, ಒಂದು ಮೊಳ ದಪ್ಪದ ಗೋಡೆಗಳು. ಅಲ್ಲಿ ನಾನು ಪ್ರಾರ್ಥನೆಯಲ್ಲಿ ಹೆಸರು ಮಾಡಿದೆ. ಹೊರಗಿನಿಂದ ಯಾರಾದರೂ ಬಂದರೆ ನನ್ನನ್ನೇ ಕರೆಯುತ್ತಿದ್ದರು. ದೇಶಕ್ಕಾಗಿ ಬೇಡುತ್ತಿದ್ದೆ, ಮಳೆಗಾಗಿ, ರೋಗಿಗಳಿಗಾಗಿ, ಪ್ರಯಾಣಿಕರಿಗಾಗಿ, ನಮ್ಮೆಲ್ಲರ ತಾಯಂದಿರಿಗಾಗಿ. ಒಂದು ಹೆಸರೂ ಇರುತ್ತಿರಲಿಲ್ಲ. ಅರಿಕೆಯ ಜಾಗದಲ್ಲಿ "ತಿಳಿದೂ ತಿಳಿಯದೆಯೂ ಮಾಡಿದ ಪಾಪಗಳನ್ನು" ಎಂದು ಒಂದೇ ಉಸಿರಿಗೆ ದಾಟಿಬಿಡುತ್ತಿದ್ದೆ. ದೊಡ್ಡವರೂ ಹಾಗೆಯೇ ದಾಟುತ್ತಿದ್ದರು. ಅವರು ಏನನ್ನು ದಾಟುತ್ತಿದ್ದರೋ ಗೊತ್ತಿಲ್ಲ.

ಆರು ವರ್ಷ ಕಳೆಯಿತು. ಅಕ್ಕೋರಿಗೆ ಸಿಂಧನೂರಿಗೆ ವರ್ಗವಾಗಿತ್ತು. ಮೈಯಲ್ಲಿ ಹುಷಾರಿಲ್ಲ, ಒಮ್ಮೆ ಬಂದು ಹೋಗು ಎಂದು ಹೇಳಿಕಳಿಸಿದರು. ಹೋದೆ. ಕಾಲುವೆಯ ನೀರು ಬಂದು ಊರಿನ ವಾಸನೆಯೇ ಬದಲಾಗಿತ್ತು, ಎಲ್ಲೆಲ್ಲೂ ಹಸಿ ಭತ್ತ, ಅರ್ಧ ಬಜಾರು ತೆಲುಗು. ಅಕ್ಕಿ ಗಿರಣಿಯ ಹಿಂದಿನ ಕೋಣೆಯಲ್ಲಿ ಅಕ್ಕೋರು ಮಂಚದ ಮೇಲೆ ಸಣ್ಣಗೆ ಮಲಗಿದ್ದರು. ಗಿರಣಿಯ ತೌಡು ಅವರ ಹೊದಿಕೆಯ ಮೇಲೂ ಕೂತಿತ್ತು.

"ನೀನೇ ಪ್ರಾರ್ಥನೆ ಮಾಡವ್ವ. ನಾ ಕಲಿಸಿದ ಹುಡುಗಿ ನೀ."

ನಾನು ಮೊಣಕಾಲೂರಲಿಲ್ಲ. "ಅಕ್ಕೋರ, ನಮ್ಮವ್ವನ ಮಾತು ಸಭಾದಾಗ ಯಾಕ ಹೇಳಿದ್ರಿ?"

ಅವರು ಸ್ವಲ್ಪ ಹೊತ್ತು ನೆನಪು ಮಾಡಿಕೊಂಡರು. ಅಡಗಿಸುವ ಮುಖವಲ್ಲ ಅದು, ನಿಜಕ್ಕೂ ಹುಡುಕುವ ಮುಖ. ಆಮೇಲೆ ಬೆರಗಾದರು.

"ನಾ ಯಾರ ಮುಂದ ಹೇಳೀನವ್ವ? ದೇವರ ಮುಂದ ಹೇಳೀನಿ. ನೀ ಹೇಳಿದಂಗ. ಹೆಸರು ಸೈತ ಅಂದಿಲ್ಲ ನೋಡು. ನಿಮ್ಮವ್ವಗ ಒಳ್ಳೇದಾಗ್ಲಿ ಅಂತ ಅತ್ತು ಬೇಡೀನಿ."

ಬಸ್ಸಿನಲ್ಲಿ ಬರುವಾಗ ನಾನು ಎಷ್ಟೋ ಮಾತು ಜೋಡಿಸಿಕೊಂಡಿದ್ದೆ. ದ್ರೋಹ ಎಂಬ ಮಾತೂ ಅದರಲ್ಲಿತ್ತು. ಆದರೆ ಆರು ವರ್ಷ ನನಗೆ ನಾನೇ ಹೇಳಿಕೊಂಡಿದ್ದ ಸಮಾಧಾನವನ್ನು, ಅಕ್ಷರ ತಪ್ಪದೆ, ಅವರು ಹೇಳಿದ್ದರು. ಅದು ಅವರ ಬಾಯಲ್ಲಿ ಎಷ್ಟು ಅಸಹ್ಯವಾಗಿ ಕೇಳಿಸಿತೆಂದರೆ ನಾನು ಗೋಡೆ ನೋಡತೊಡಗಿದೆ. ಅವರು ಕಣ್ಣು ಮುಚ್ಚಿ ಕಾದರು. "ಕರ್ತನೇ" ಎಂದೆ.

"ಹೂಂ, ಮುಂದ?" ಎಂದರು, ಮಕ್ಕಳಿಗೆ ಹೇಳುವಂತೆ.

ಬಸ್ಸಿಗೆ ಹೊತ್ತಾಯಿತೆಂದು ಎದ್ದುಬಂದೆ. ಲಿಂಗಸುಗೂರಿಗೆ ಟಿಕೇಟು ತೆಗೆಸಿದ್ದವಳು ಮಸ್ಕಿಯಲ್ಲೇ ಇಳಿದೆ.

ಅವ್ವ ರೊಟ್ಟಿ ಬಡಿಯುತ್ತಿದ್ದಳು. ಚಪ್ಪಲಿ ಬಿಡದೆಯೇ ಹೇಳಿಬಿಟ್ಟೆ. ಅವಳ ಕೈ ಹಿಟ್ಟಿನ ಮೇಲೆ ತಿರುಗುತ್ತಲೇ ಇತ್ತು.

"ನಿಮ್ಮ ಚಿಗವ್ವ ಅಲ್ಲ?"

"ಅಲ್ಲ."

"ನೀ."

"ನಾ."

ಹಂಚಿನ ಮೇಲಿದ್ದ ರೊಟ್ಟಿ ಸೀಯಿತು. ಅವಳು ಅದನ್ನು ತೆಗೆಯಲಿಲ್ಲ.

"ಆಕಿ ಮಗಳನ್ನ ಗುರುಗುಂಟಾಕ್ಕ ಕೊಟ್ರು. ಆ ಮದುವಿಗೆ ನಾ ಹೋಗ್ಲಿಲ್ಲ. ಆಕಿ ಜಡ್ಡಿಗೆ ಬಿದ್ದಾಗ ಒಂದು ತಂಬಿಗಿ ಗಂಜಿ ಕಳಿಸ್ಲಿಲ್ಲ. ಗೊತ್ತಿತ್ತಿಲ್ಲ ನಿನಗ?"

"ಗೊತ್ತಿತ್ತು."

"ಗೊತ್ತಿದ್ದೂ ಅಲ್ಲಿ ಪ್ರಾರ್ಥನೆ ಮಾಡಾಕತ್ತಿದ್ದಿ? ದಿನಾ?"

"ದಿನಾ."

"ಏನಂತ?"

ಅವ್ವ ಕೈಯ ಹಿಟ್ಟು ಕೊಡವಿದಳು. "ಹತ್ತು ವರ್ಷದ ಕೂಸು, ಹೇಳ್ತು. ಹೋಗ್ಲಿ. ಆರು ವರ್ಷ ಬಾಯಿ ಮುಚಗೊಂಡು ಕುಂತಿದ್ದೆಲ್ಲ, ಅದು ಕೂಸಲ್ಲ."

ಎದ್ದು ಮೂರನೆಯ ಬಾಗಿಲಿಗೆ ಹೋದಳು. ಅಲ್ಲಿ ಏನಾಯಿತೆಂದು ನಾನು ನೋಡಲಿಲ್ಲ. ಇಬ್ಬರೂ ಜೋರಾಗಿ ಅತ್ತರೆಂದು ತಮ್ಮ ಹೇಳುತ್ತಾನೆ, ಅವನಿಗೆ ಎಲ್ಲ ಕಥೆಯಲ್ಲೂ ಅಳು ಬೇಕು. ಚಿಗವ್ವ ಎಷ್ಟೋ ವರ್ಷದ ಮೇಲೆ ನನಗೆ ಹೇಳಿದ್ದು ಬೇರೆ: ಅವ್ವ ಹೊಸ್ತಿಲಲ್ಲಿ ನಿಂತು ನೀರು ಕೇಳಿದಳಂತೆ, ಕುಡಿದು ಲೋಟ ಕೊಟ್ಟಳಂತೆ, "ನನ್ನ ಮಗಳು" ಎಂದಷ್ಟೇ ಹೇಳಿ ತಿರುಗಿದಳಂತೆ. ನಾನು ಒಲೆಯ ಮುಂದೆ ಕೂತು ಉಳಿದ ಹಿಟ್ಟನ್ನು ಬಡಿಯುತ್ತಿದ್ದೆ.

ಬಂದವಳು ನನ್ನ ಕಡೆ ನೋಡದೆ ಹೇಳಿದಳು. ಇದು ಕೊನೆಯ ಸಂಗತಿ, ಇದರಲ್ಲಿ ಒಂದು ಮಾತೂ ಹೆಚ್ಚು ಕಡಿಮೆಯಿಲ್ಲ.

"ಇನ್ಮ್ಯಾಲ ನನ್ನ ಹೆಸರ ತಗೊಂಡು ಪ್ರಾರ್ಥನೆ ಮಾಡಬ್ಯಾಡ. ಒಳ್ಳೇದಕ್ಕೂ ಬ್ಯಾಡ, ಕೆಟ್ಟದ್ದಕ್ಕೂ ಬ್ಯಾಡ. ನನ್ನದು ನಾ ನೋಡ್ಕೊಂತೀನಿ."

ದೀಪ ಹಚ್ಚುವ ಹೊತ್ತಿಗೆ ಅಪ್ಪ ಬಂದ. ಅವನಿಗೆ ಏನೂ ಗೊತ್ತಿರಲಿಲ್ಲ. ಚಾಪೆ ಹಾಸಿ "ನೀನೇ ಮಾಡವ್ವ ಇವತ್ತು, ಬೋರ್ಡಿಂಗದಾಕಿ," ಎಂದ. ಎಲ್ಲರೂ ಕಣ್ಣು ಮುಚ್ಚಿದರು. ದೇಶ, ಮಳೆ, ಪ್ರಯಾಣಿಕರು ನಾಲಿಗೆಯ ತುದಿಗೆ ಬಂದರು. ಅವರನ್ನು ಬಿಟ್ಟು ಅಪ್ಪನ ಹೆಸರು ಹೇಳಿದೆ. ಕಾಲುವೆಯ ಕೆಲಸದಲ್ಲಿ ಉಳುಕಿದ ಅವನ ಬೆನ್ನಿನ ವಿಷಯ ಹೇಳಿದೆ. ಮುಂದಿನ ಹೆಸರು ಅವ್ವನದಾಗಬೇಕಿತ್ತು. ನಿಂತೆ. ಅಪ್ಪ ಕೆಮ್ಮಿದ. ತಮ್ಮ ಕಣ್ಣು ತೆರೆದಿರಬೇಕು, ಅವನು ಅಲುಗಿದ್ದು ಚಾಪೆಯಲ್ಲಿ ತಿಳಿಯಿತು. ಆ ಖಾಲಿಯನ್ನು ತುಂಬಲು ನನ್ನಲ್ಲಿ ಚಂದದ ಮಾತುಗಳು ಬೇಕಾದಷ್ಟಿದ್ದವು. ಒಂದನ್ನೂ ಆಡಲಿಲ್ಲ. ಆಮೇಲೆ ತಮ್ಮನ ಹೆಸರು ಹೇಳಿದೆ, ಚಿಗವ್ವನದು, ಗುರುಗುಂಟಾದಲ್ಲಿದ್ದ ಅವಳ ಮಗಳದು, ಕೊನೆಗೆ, ಮನಸ್ಸಿಲ್ಲದೆ, ಸಿಂಧನೂರಿನ ಕೋಣೆಯಲ್ಲಿದ್ದವರದು.

ಎಲ್ಲರಿಗಿಂತ ಮೊದಲು ಆಮೆನ್ ಎಂದವಳು ಅವ್ವ. ಎಂದವಳೇ ಎದ್ದು ರೊಟ್ಟಿ ಬಡಿಸಲು ಹೋದಳು.